ವಾಸನೆ ಹೋದವರ ಮೂರು ಪ್ರಶ್ನೆಗಳು

ಪ್ರಶ್ನೆ: ಏಳು ತಿಂಗಳ ಹಿಂದೆ ಜ್ವರ, ನೆಗಡಿ ಬಂದು ವಾಸಿಯಾಯಿತು. ಅಂದಿನಿಂದ ವಾಸನೆಯೇ ಇಲ್ಲ. ಒಗ್ಗರಣೆ ಸೀದರೂ ತಿಳಿಯುವುದಿಲ್ಲ. ಇ.ಎನ್.ಟಿ. ವೈದ್ಯರು ದುರ್ಬೀನು ಹಾಕಿ ನೋಡಿ, ‘ಒಳಗೆ ಗಡ್ಡೆಯೇನೂ ಇಲ್ಲ, ಸ್ಮೆಲ್ ಟ್ರೇನಿಂಗ್ ಮಾಡಿ’ ಎಂದಿದ್ದಾರೆ. ಹೇಗೆ ಮಾಡಬೇಕು? – ಗೃಹಿಣಿ, ಡೊಂಬಿವಲಿ

ಉತ್ತರ: ಮೊದಲು ವೈದ್ಯರಿಗೆ ತೋರಿಸಿದ್ದು ಒಳ್ಳೆಯದಾಯಿತು. ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಡ್ಡೆ) ಅಥವಾ ಅಲರ್ಜಿಯ ಊತ ಇದ್ದರೆ ಎಷ್ಟು ಮೂಸಿದರೂ ವಾಸನೆ ಮೂಗಿನ ಮೇಲ್ಭಾಗಕ್ಕೆ ಮುಟ್ಟುವುದೇ ಇಲ್ಲ. ವೈರಾಣು ಪೆಟ್ಟು ಕೊಡುವುದು ಅಲ್ಲಿರುವ ತೆಳು ಪೊರೆಗೆ. ಅದರಲ್ಲಿನ ವಾಸನೆಯ ನರಕೋಶಗಳು ನಮ್ಮ ದೇಹದಲ್ಲಿ ದೊಡ್ಡವರಾದ ಮೇಲೂ ಹೊಸದಾಗಿ ಹುಟ್ಟುವಂಥವು. ಸ್ಮೆಲ್ ಟ್ರೇನಿಂಗ್, ಅಂದರೆ ಗೊತ್ತಾದ ಕೆಲವು ವಾಸನೆಗಳನ್ನು ದಿನಾ ಮೂಸುವ ಅಭ್ಯಾಸದ ಮೇಲೆ ಭರವಸೆ ಇಡುವುದು ಅದಕ್ಕೇ.

ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮವೇ ಇಂದಿಗೂ ಬುನಾದಿ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ವಾಸನೆ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಕನಿಷ್ಠ 12 ವಾರ.

ಅಗಲ ಬಾಯಿಯ, ಬಿಗಿ ಮುಚ್ಚಳದ ನಾಲ್ಕು ಗಾಜಿನ ಬಾಟಲಿ ಸಾಕು. ಕಂದು ಗಾಜಾದರೆ ಉತ್ತಮ. ತಳಕ್ಕೆ ಹತ್ತಿ ಇಟ್ಟು ಆಯಾ ವಾಸನೆಯ ಸುಗಂಧ ಎಣ್ಣೆ (ಎಸೆನ್ಷಿಯಲ್ ಆಯಿಲ್) 10–15 ಹನಿ ಬಿಡಿ. ಹತ್ತಿ ನೆನೆಯಬೇಕು, ಎಣ್ಣೆ ಹರಿದಾಡಬಾರದು. ಹೆಸರಿನ ಚೀಟಿ ಅಂಟಿಸಿ. ಮುಚ್ಚಳ ಅದಲುಬದಲಾದರೆ ಎಲ್ಲದರಲ್ಲೂ ಲವಂಗವೇ ಹೊಡೆಯುತ್ತದೆ. ಗುಲಾಬಿಗೆಂದು ಮೊಹಮ್ಮದ್ ಅಲಿ ರೋಡಿನ ಅತ್ತರಿನ ಅಂಗಡಿಗೆ ಹೋಗುವುದಾದರೆ ಕೇಳಿಯೇ ಕೊಳ್ಳಿ: ಸಾಂಪ್ರದಾಯಿಕ ಅತ್ತರನ್ನು ಶ್ರೀಗಂಧದ ಎಣ್ಣೆಯ ಮೇಲೆ ಇಳಿಸುತ್ತಾರೆ, ಆಗ ನೀವು ಮೂಸುವುದು ಎರಡು ವಾಸನೆಯನ್ನು. ಪನ್ನೀರು ತೀರಾ ತೆಳು. ಎಣ್ಣೆಯ ಬದಲು ಲವಂಗವನ್ನೇ ಜಜ್ಜಿ ಬಳಸಬಹುದು. ಉಗುರಿನಿಂದ ಒತ್ತಿದಾಗ ಎಣ್ಣೆಯ ಪಸೆ ಕಾಣದಿದ್ದರೆ ಅದು ಸತ್ವ ಕಳೆದುಕೊಂಡ ಹಳೇ ಲವಂಗ. ನಿಂಬೆ ಸಿಪ್ಪೆಯೂ ಆದೀತು, ಆದರೆ ದಿನಾ ಬದಲಿಸಿ. ನಮ್ಮ ಮುಂಬಯಿ ಮಳೆಗಾಲದಲ್ಲಿ ಬಾಟಲಿಯೊಳಗೆ ಬೂಷ್ಟು ಹಿಡಿಯಲು ಎರಡು ದಿನ ಸಾಕು.

ಬಾಟಲಿಯನ್ನು ಮೂಗಿನಿಂದ ಒಂದೆರಡು ಸೆಂಟಿಮೀಟರ್ ದೂರ ಹಿಡಿದು ಸುಮಾರು 10 ಸೆಕೆಂಡು, ಚಿಕ್ಕ ಚಿಕ್ಕದಾಗಿ, ಮೆಲ್ಲಗೆ ಮೂಸಿ. ದೀರ್ಘವಾಗಿ ಉಸಿರೆಳೆದರೆ ಗಾಳಿಯ ಬಹುಪಾಲು ಮೂಗಿನ ಕೆಳದಾರಿಯಲ್ಲೇ ಗಂಟಲಿಗೆ ಇಳಿದುಬಿಡುತ್ತದೆ. ಮೂಸುವಾಗ ‘ಇದು ನಿಂಬೆ, ಶರಬತ್ತು ಹೀಗಿತ್ತು’ ಎಂದು ನೆನಪನ್ನು ಎಳೆದು ತನ್ನಿ. ಅರ್ಧ ನಿಮಿಷ ಬಿಟ್ಟು ಮುಂದಿನದು. ಎಲ್ಲ ಸೇರಿ ಐದೇ ನಿಮಿಷ. ಟಿ.ವಿ. ನೋಡುತ್ತಾ, ಊದುಬತ್ತಿ ಉರಿಯುವ ಕೋಣೆಯಲ್ಲಿ ಕೂತು ಮಾಡಿದ್ದು ಅಭ್ಯಾಸವಲ್ಲ.

ನೀಲಗಿರಿಯ ವಿಷಯದಲ್ಲಿ ಎಚ್ಚರ. ಅದರ ತಂಪು, ಚುರುಕು ಗೊತ್ತಾಗುವುದು ಮುಖದ ಸ್ಪರ್ಶ ತಿಳಿಸುವ ಬೇರೆ ನರದಿಂದ. ವಿಕ್ಸ್, ಕರ್ಪೂರಕ್ಕೂ ಇದೇ ಮಾತು. ‘ತಂಪಾಯಿತು’ ಎಂದರೆ ವಾಸನೆ ಬಂತೆಂದಲ್ಲ. ಗುಲಾಬಿ ತಿಳಿಯಿತೇ ಎಂಬುದೇ ನಿಜವಾದ ಪರೀಕ್ಷೆ.

ವಾರಕ್ಕೊಮ್ಮೆ ಪ್ರತಿ ವಾಸನೆಗೂ 0ಯಿಂದ 10ರೊಳಗೆ ಅಂಕ ಬರೆದಿಡಿ. 12 ವಾರವಾದ ಮೇಲೆ ಬೇರೆ ನಾಲ್ಕು ವಾಸನೆ ಆರಿಸಿಕೊಂಡು ಮುಂದುವರಿಸಿದರೆ ಲಾಭ ಹೆಚ್ಚು. ಎಲ್ಲರಿಗೂ ಪೂರ್ತಿ ಮರಳುತ್ತದೆಂದು ಮಾತು ಕೊಡಲಾಗದು. ಆದರೆ ಮೂರನೇ ವಾರಕ್ಕೇ ಕೈಬಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ; ಏರಿಕೆ ತಿಂಗಳುಗಳ ಲೆಕ್ಕದಲ್ಲಿ ಆಗುವಂಥದ್ದು. ಸ್ಟೀರಾಯ್ಡ್ ಮಾತ್ರೆಯನ್ನು ಮಾತ್ರ ಸ್ವಂತವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಹೋಟೆಲ್ ಅಡುಗೆ ಮಾಡುತ್ತೇನೆ. ಹೋದ ವಾಸನೆ ಈಗ ಕೆಟ್ಟು ಬಂದಿದೆ. ಕಾಫಿ, ಹುರಿದ ಈರುಳ್ಳಿ ಎರಡೂ ಸುಟ್ಟ ಕಸದಂತೆ ನಾರುತ್ತವೆ. – ಓದುಗರು, ವಾಸ್ಕೋ

ಉತ್ತರ: ಇದಕ್ಕೆ ಪ್ಯಾರೋಸ್ಮಿಯಾ ಎನ್ನುತ್ತಾರೆ. ನರಗಳು ಚಿಗುರುವ ಹಂತದಲ್ಲಿ ಬಹಳ ಮಂದಿಗೆ ಹೀಗಾಗುತ್ತದೆ, ಗಾಬರಿ ಬೇಡ. ಹುರಿದಾಗ ಹುಟ್ಟುವ ಗಂಧಕದ ಕೆಲವು ಸಂಯುಕ್ತಗಳೇ ಹೆಚ್ಚಾಗಿ ಕಾಡುವುದು. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಒಟ್ಟಿಗೆ ಕೆಡುವುದು ಅದರಿಂದ. ಬಿಸಿ ಆರಿಸಿ ಉಣ್ಣಿ. ಮೊಸರನ್ನ, ಹಣ್ಣು, ಇಡ್ಲಿಯಂಥವು ಹೆಚ್ಚಿನವರಿಗೆ ಒಗ್ಗುತ್ತವೆ. ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ಹೇಳಿ. ಅಭ್ಯಾಸ ನಿಲ್ಲಿಸಬೇಡಿ, ಅಸಹ್ಯವಾಗುವ ವಾಸನೆಯನ್ನು ಮಾತ್ರ ಬಿಟ್ಟು ಬೇರೆಯದು ಹಿಡಿಯಿರಿ.

ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಯವು, ಅವನ್ನು ನಂಬಬಹುದು. ಮಸಾಲೆಯನ್ನು ಕೈಯಳತೆ ಬಿಟ್ಟು ತೂಕ ಮಾಡಿ ಹಾಕಿ, ಕೊನೆಯ ರುಚಿ ಜೊತೆಗಾರರು ನೋಡಲಿ. ಮೀನನ್ನು ಕಣ್ಣು, ಕೈಯಿಂದ ಪರೀಕ್ಷಿಸಿ: ಕಿವಿರು ಕೆಂಪಗೆ, ಕಣ್ಣು ಉಬ್ಬಿ ತಿಳಿಯಾಗಿ ಇರಬೇಕು, ಒತ್ತಿದ ಬೆರಳಿನ ಗುಂಡಿ ಕೂಡಲೇ ಮೇಲೇಳಬೇಕು. ಹಾಗಿದ್ದರೂ ಅನುಮಾನ ಬಂದರೆ ಇನ್ನೊಬ್ಬರ ಮೂಗಿಗೆ ಹಿಡಿಯಿರಿ.

ಪ್ರಶ್ನೆ: ಅಮ್ಮನಿಗೆ ವಾಸನೆ ತಿಳಿಯುವುದಿಲ್ಲ, ಹಗಲು ಮನೆಯಲ್ಲಿ ಒಬ್ಬರೇ. ಗ್ಯಾಸ್ ಸೋರಿದರೆ? – ಪುಣೆ

ಉತ್ತರ: ಗ್ಯಾಸ್ ಡಿಟೆಕ್ಟರ್ ಹಾಕಿಸಿ, ತಡಮಾಡಬೇಡಿ. ಎಲ್ಲಿ ಹಾಕಬೇಕೆಂಬುದೇ ಮುಖ್ಯ. ಸಿಲಿಂಡರಿನ ಎಲ್.ಪಿ.ಜಿ. ಗಾಳಿಗಿಂತ ಭಾರ, ನೆಲದಲ್ಲಿ ತಂಗುತ್ತದೆ. ಡಿಟೆಕ್ಟರ್ ನೆಲದಿಂದ ಒಂದಡಿಯೊಳಗೆ ಇರಲಿ. ಪೈಪಿನಲ್ಲಿ ಬರುವ ಗ್ಯಾಸ್ ಬಹುತೇಕ ಮೀಥೇನ್, ಗಾಳಿಗಿಂತ ಹಗುರ. ಆಗ ಸೂರಿನ ಹತ್ತಿರ. ಸಿಲಿಂಡರ್ ಬಿಟ್ಟು ಪೈಪಿಗೆ ಬದಲಾದ ಮನೆಗಳಲ್ಲಿ ಹಳೆಯದನ್ನು ಕೆಳಗೇ ಉಳಿಸುವುದು ಸಾಮಾನ್ಯ ತಪ್ಪು. ಅಡುಗೆಯಾದ ಮೇಲೆ ಅಮ್ಮ ಬರ್ನರಿನ ಗುಬುಟಿಯನ್ನಷ್ಟೇ ಅಲ್ಲ, ರೆಗ್ಯುಲೇಟರನ್ನೂ, ಪೈಪಾದರೆ ಗೋಡೆಯ ವಾಲ್ವನ್ನೂ ಬಂದ್ ಮಾಡಲಿ.