ಮೊಬೈಲಿಗೆ ಹೇಳಿಕೊಂಡ ಕಾಯಿಲೆ

ಕೊಡಗಿನ ಗೋಣಿಕೊಪ್ಪಲಿನಲ್ಲಿ ಬಹುಕಾಲದಿಂದ ಔಷಧ ಅಂಗಡಿ ನಡೆಸುತ್ತಿರುವ ಓದುಗರೊಬ್ಬರ ಪತ್ರದ ಸಾರ: “ವೈದ್ಯರ ಚೀಟಿ ಬೇಕಾದ ಔಷಧಗಳಿಗೆ ನಮ್ಮಲ್ಲಿ ಜಾಹೀರಾತು ಇಲ್ಲ, ಆದ್ದರಿಂದ ಮೊಬೈಲ್ ಹುಡುಕಾಟದಿಂದ ಔಷಧ ಕಂಪನಿಗಳಿಗೆ ಪ್ರಯೋಜನವೇನೂ ಇಲ್ಲ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ನನ್ನ ಅಂಗಡಿಗೆ ಬರುವವರಲ್ಲಿ ಎಷ್ಟೋ ಜನ ಚೀಟಿಯ ಬದಲು ಮೊಬೈಲ್ ಪರದೆಯನ್ನೇ ತೋರಿಸುವುದು ಏಕೆ? ಔಷಧ ಕಂಪನಿಯೊಂದರ ಮಾರಾಟ ವಿಭಾಗದಲ್ಲಿರುವ ನನ್ನ ಸೋದರಳಿಯ, ಮೊಬೈಲ್ ಸರ್ಚ್ ಇಲ್ಲದೆ ತಮಗೆ ಬೆಳಗಾಗುವುದಿಲ್ಲ ಎನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ? ನಾನೂ ದುಡ್ಡು ಕೊಟ್ಟು ಅಂಗಡಿಯ ಹೆಸರು ಹಾಕಿಸಬೇಕೆ?”

ಮಾನ್ಯರೇ,

ಸೋದರಳಿಯನೇ ಸರಿ. ನಮ್ಮ ವಾಕ್ಯದ ಮೊದಲರ್ಧ ಕಾನೂನು; ಉಳಿದರ್ಧ ಸಂಪಾದಕನ ಸೋಮಾರಿತನ, ಅಂದರೆ ನನ್ನದು.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಶೆಡ್ಯೂಲ್ ಎಚ್, ಎಚ್1, ಎಕ್ಸ್ ಪಟ್ಟಿಯ, ಅಂದರೆ ಚೀಟಿ ಬೇಕಾದ, ಔಷಧಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಜಾಹೀರು ಮಾಡುವಂತಿಲ್ಲ. ಮಧುಮೇಹ, ಕ್ಯಾನ್ಸರ್‌ನಂಥ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಜನರೆದುರು ಸಾರುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದರೆ ಔಷಧದ ಹೆಸರೆತ್ತದೆ ಕಾಯಿಲೆಯ ಹೆಸರನ್ನಷ್ಟೇ ಎತ್ತಿದರೆ? ‘ಸದಾ ಸುಸ್ತೇ? ಥೈರಾಯ್ಡ್ ಪರೀಕ್ಷಿಸಿಕೊಳ್ಳಿ’ ಎಂಬಂಥ ಜಾಗೃತಿ ಪುಟ ಕಂಡಾಗ, ಕೆಳಗೆ ಸಣ್ಣ ಅಕ್ಷರದಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿ. ನೋವಿನ ಮುಲಾಮು, ಆ್ಯಂಟಾಸಿಡ್, ವಿಟಮಿನ್‌ಗಳಿಗೆ ಇಷ್ಟು ಸುತ್ತಿ ಬಳಸಿ ಬರುವ ಅಗತ್ಯವೂ ಇಲ್ಲ. ಇನ್ನು ಚೀಟಿಯ ಮಾತ್ರೆಯ ಹೆಸರನ್ನೇ ಹುಡುಕಿದರೆ ಮೊದಲು ಕಾಣುವುದು ಹೆಚ್ಚಾಗಿ ಆನ್‌ಲೈನ್ ಔಷಧ ಅಂಗಡಿಯ ಪುಟ. ಜಾಹೀರಾತು ಎಂದರೆ ಅಲ್ಲ, ಅಲ್ಲ ಎಂದರೆ ಹೌದು. ನಿಮ್ಮ ಗಿರಾಕಿಗಳು ತೋರಿಸುವ ಪರದೆ ಬಹುಶಃ ಅದೇ.

ಈಗ ಸೋದರಳಿಯನ ವಿಚಾರ. ಮೈಸೂರಿನಿಂದ ಬೆಳಗಿನ ಬಸ್ಸಿನಲ್ಲಿ ಬಂದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕ್ಲಿನಿಕ್ಕಿನ ಬೆಂಚಿನಲ್ಲಿ ರೋಗಿಗಳ ನಡುವೆ ಕುಳಿತಿರುತ್ತಿದ್ದ ಔಷಧ ಕಂಪನಿಯ ರೆಪ್‌ಗಳನ್ನು ನೆನಪಿಸಿಕೊಳ್ಳಿ. ಅರ್ಧ ದಿನ ಕಾದರೆ ಡಾಕ್ಟರ ಎರಡು ನಿಮಿಷ ಸಿಗುತ್ತಿತ್ತು. ಆಮೇಲೆ ನಿಮ್ಮ ಕೌಂಟರಿಗೆ ಬಂದು, ಯಾವ ಡಾಕ್ಟರು ಯಾವ ಕಂಪನಿಯ ಮಾತ್ರೆ ಬರೆಯುತ್ತಿದ್ದಾರೆ ಎಂದು ನಯವಾಗಿ ವಿಚಾರಿಸಿ ಗುರುತು ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಅವರು ಆರ್‌ಸಿಪಿಎ ಎನ್ನುತ್ತಾರೆ. ನೀವು ಏನೆನ್ನುತ್ತಿದ್ದಿರೋ ತಿಳಿಯದು. ಕಂಪನಿಗೆ ಸಿಗುತ್ತಿದ್ದದ್ದು ಅಷ್ಟೇ: ಕಾಯಿಲೆಗೆ ಹೆಸರಿಟ್ಟಾದ ಮೇಲಿನ, ಚೀಟಿ ಬರೆದಾದ ಮೇಲಿನ ಸುದ್ದಿ. ಬೆಂಚಿನಲ್ಲಿ ಪಕ್ಕದಲ್ಲೇ ಕುಳಿತವನ ಮನಸ್ಸಿನಲ್ಲಿ ಏನು ಕುದಿಯುತ್ತಿದೆ ಎಂಬುದು ರೆಪ್‌ಗೆ ಎಂದೂ ಕೇಳಿಸಲಿಲ್ಲ. ಈಗ ಆ ರೋಗಿ ಅದೇ ಬೆಂಚಿನಲ್ಲಿ ಕುಳಿತು ಅದನ್ನು ಮೊಬೈಲಿಗೆ ಹೇಳುತ್ತಾನೆ. ಹೆಂಡತಿಗೆ ಹೇಳದ್ದನ್ನೂ ಹೇಳುತ್ತಾನೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಬರೆಯುತ್ತೇನೆ. ಎರಡು ವರ್ಷದ ಹಿಂದೆ, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನವಾದ ಕಕ್ಕಡ ಪದಿನೆಟ್ಟ್‌ಗೆ, ಆಗಸ್ಟ್ 3ರಂದು, ಬೆಂಗಳೂರಿನ ಅತಿಥಿಯೊಬ್ಬರು ಬಂದಿದ್ದರು. ಮದ್ದು ಸೊಪ್ಪಿನ ನೇರಳೆ ಪಾಯಸವನ್ನು ಎರಡು ಬಟ್ಟಲು ತಿಂದರು. ಹದಿನೆಂಟು ದಿನಗಳಲ್ಲಿ ಆ ಸೊಪ್ಪಿಗೆ ಹದಿನೆಂಟು ಔಷಧಗಳು ಕೂಡುತ್ತವೆ ಎಂಬ ನಮ್ಮವರ ನಂಬಿಕೆಯನ್ನು ವಿಸ್ತಾರವಾಗಿ ಹೇಳಿದೆ. ಮರುದಿನ ಮೂತ್ರದ ಬಣ್ಣ ತಿರುಗುತ್ತದೆ ಎಂಬುದನ್ನು ಮಾತ್ರ ಮರೆತೆ. ಬೆಳಗ್ಗೆ ಅವರು ಕೋಣೆಯಿಂದ ಹೊರಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಐದೂವರೆಗೇ ಎದ್ದು ಮೊಬೈಲನ್ನು ಕೇಳಿದ್ದರು. ಅದು ಮೂತ್ರಕೋಶದ ಕ್ಯಾನ್ಸರಿನಿಂದ ಹಿಡಿದು ಕಲ್ಲಿನವರೆಗೆ ಎಲ್ಲವನ್ನೂ ಹೇಳಿತ್ತು, ಪಾಯಸವೊಂದನ್ನು ಬಿಟ್ಟು. ಎಲ್ಲಕ್ಕಿಂತ ಮೇಲೆ ಪರೀಕ್ಷೆಗಳ ಪ್ಯಾಕೇಜೊಂದರ ಜಾಹೀರಾತು, ಜೊತೆಗೆ ಕರೆ ಮಾಡುವ ಗುಂಡಿ. ಅವರು ಒತ್ತಿಯೂ ಆಗಿತ್ತು. ಮಳೆಗೆ ನೆಟ್‌ವರ್ಕ್ ಹೋಗಿದ್ದರಿಂದ ದುಡ್ಡು ಉಳಿಯಿತು.

ಆ ಗುಂಡಿಗೆ ದುಡ್ಡು ಹಾಕಿದವನು ಕೊಂಡದ್ದು ಏನನ್ನು ಎಂದು ಯೋಚಿಸಿ. ಹೆದರಿದ ಒಬ್ಬ ಮನುಷ್ಯ, ಅವನು ಇರುವ ಜಾಗ, ಡಾಕ್ಟರ ಬಾಗಿಲು ತೆರೆಯದ ಹೊತ್ತು, ಪರದೆಯ ಮೇಲೆ ಆಗಲೇ ಇರುವ ಬೆರಳು. ಪತ್ರಿಕೆಯಲ್ಲಿ ಪುಟದ ಜಾಹೀರಾತು ಕೊಟ್ಟರೆ (ನಮ್ಮ ಪತ್ರಿಕೆಗೂ ಕೊಡಬಹುದು, ಬೇಡ ಎನ್ನುವುದಿಲ್ಲ) ಇಷ್ಟು ಹತ್ತಿರ ಹೋಗಲಾಗದು. ಕಂಪ್ಯೂಟರಿನ ಅಗಲ ಪರದೆಯಲ್ಲಿ ಹಲವು ಉತ್ತರಗಳು ಒಟ್ಟಿಗೆ ಕಾಣುತ್ತವೆ, ಆರಿಸಿಕೊಳ್ಳಬಹುದು. ಮೊಬೈಲಿನಲ್ಲಿ ಒಂದೋ ಎರಡೋ. ಅವುಗಳ ತಲೆಯ ಮೇಲೆ ‘ಪ್ರಾಯೋಜಿತ’ ಎಂಬ ಪುಟ್ಟ ಪದವಿದ್ದರೆ ಕನ್ನಡಕವಿಲ್ಲದ ಕಣ್ಣಿಗೆ ಕಾಣುವುದಿಲ್ಲ. ಅಮೆರಿಕ, ಜಪಾನ್ ಸೇರಿದಂತೆ ಹತ್ತು ದೇಶಗಳಲ್ಲಿ ಮೊಬೈಲಿನ ಹುಡುಕಾಟ ಕಂಪ್ಯೂಟರಿನದ್ದನ್ನು ಮೀರಿತು ಎಂದು ಗೂಗಲ್ ಹೇಳಿದ್ದು 2015ರಲ್ಲಿ. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಅಗ್ಗದ ಇಂಟರ್ನೆಟ್ ಬಂದದ್ದು 2016ರಲ್ಲಿ ಜಿಯೊ ಶುರುವಾದ ಮೇಲೆ. ಇಲ್ಲಿ ಬಹಳ ಜನ ಕಂಪ್ಯೂಟರನ್ನು ಮುಟ್ಟದೆಯೇ ನೇರವಾಗಿ ಮೊಬೈಲಿಗೆ ಬಂದವರು.

ಮಾರಾಟದ ಕ್ರಮ ಕಾಫಿ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ನಮ್ಮ ಬೆಳೆಯೆಲ್ಲ ಅಲ್ಲಿಗೆ ಹೋಗುತ್ತಿತ್ತು, ಬೋರ್ಡು ಹರಾಜು ಹಾಕುತ್ತಿತ್ತು, ನಮಗೆ ಕಂತು ಕಂತಾಗಿ ಹಣ ಬರುತ್ತಿತ್ತು. ಹುಡುಕಾಟದಲ್ಲೂ ಹರಾಜೇ. ‘ಮಂಡಿ ನೋವು’ ಎಂಬ ಮಾತಿಗೆ ಯಾರ ಜಾಹೀರಾತು ಎಂಬುದು ಪ್ರತಿ ಸಲ, ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನವಾಗುತ್ತದೆ. ಹೆಚ್ಚು ಕೂಗಿದವನೇ ಗೆಲ್ಲಬೇಕೆಂದಿಲ್ಲ, ಪ್ರಶ್ನೆಗೆ ಜಾಹೀರಾತು ಎಷ್ಟು ಹೊಂದುತ್ತದೆ ಎಂಬುದನ್ನೂ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಒತ್ತಿದರೆ ಮಾತ್ರ ದುಡ್ಡು. ವ್ಯತ್ಯಾಸ ಒಂದೇ. ಇಲ್ಲಿ ನೋವು ಬೆಳೆದವನಿಗೆ ಕಂತು ಬರುವುದಿಲ್ಲ.

ಜನರ ಕಾಯಿಲೆಯನ್ನು ಹಿಡಿದು ಬೆನ್ನಟ್ಟಬಾರದು ಎಂದು ಗೂಗಲ್ ಜಾಹೀರಾತುದಾರರಿಗೆ ನಿಯಮ ಮಾಡಿದೆ. ನಿಜ. ಆದರೆ ನೀವೇ ಬಾಯಿಬಿಟ್ಟು ಕೇಳಿದ ಪ್ರಶ್ನೆಯ ಪಕ್ಕದಲ್ಲಿ ನಿಲ್ಲುವುದಕ್ಕೆ ಬೆನ್ನಟ್ಟಬೇಕಾಗಿಲ್ಲ.

ಅಮೆರಿಕದ ಕಥೆ ಇನ್ನೂ ರುಚಿಕರ. ಚೀಟಿಯ ಔಷಧವನ್ನು ನೇರವಾಗಿ ಜನರಿಗೆ ಜಾಹೀರು ಮಾಡಲು ಬಿಡುವ ದೇಶಗಳು ಅದು ಮತ್ತು ನ್ಯೂಜಿಲೆಂಡ್. ಗುಣ ಹೇಳಿದರೆ ಅಪಾಯವನ್ನೂ ಹೇಳಬೇಕು ಎಂಬುದು ಅಲ್ಲಿನ ಷರತ್ತು. ಹುಡುಕಾಟದ ಜಾಹೀರಾತಿನ ಎರಡು ಸಾಲಿನಲ್ಲಿ ಅಪಾಯಕ್ಕೆ ಜಾಗವೆಲ್ಲಿ? ಒಂದು ಸಲ ಒತ್ತಿದರೆ ಅಪಾಯದ ಪುಟ ಸಿಗುತ್ತದಲ್ಲ ಎಂದು ಕಂಪನಿಗಳು ನೆಮ್ಮದಿಯಾಗಿದ್ದವು. 2009ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಟ್ಟಿಗೆ 14 ಕಂಪನಿಗಳಿಗೆ ಪತ್ರ ಬರೆದು, ಅದು ಸಾಲದು ಎಂದಿತು. ಆಮೇಲೆ ಕಾಯಿಲೆಯ ಹೆಸರು ಮಾತ್ರ ಹೇಳಿ ಔಷಧದ ಹೆಸರು ಬಚ್ಚಿಡುವ ಜಾಹೀರಾತುಗಳು ಹೆಚ್ಚಿದವು. ನಮ್ಮ ಥೈರಾಯ್ಡ್ ಪುಟದ ಅಣ್ಣಂದಿರು ಅವು. ಹರಾಜುಗಾರನೂ ಸಾಧುವೇನಲ್ಲ: ಕೆನಡಾದ ಆನ್‌ಲೈನ್ ಔಷಧ ಅಂಗಡಿಗಳ ಜಾಹೀರಾತನ್ನು ಅಮೆರಿಕನ್ನರಿಗೆ ತೋರಿಸಿದ್ದಕ್ಕಾಗಿ 2011ರಲ್ಲಿ ಗೂಗಲ್ 50 ಕೋಟಿ ಡಾಲರ್ ತೆತ್ತಿತು.

ಆದರೂ ಸೋದರಳಿಯ ಬಹಳ ಬೀಗುವುದು ಬೇಡ. ಜನ ಹುಡುಕುವ ಮಾತುಗಳಿಂದಲೇ ಫ್ಲೂ ಎಲ್ಲಿ ಹರಡುತ್ತಿದೆ ಎಂದು ಹೇಳುತ್ತೇವೆಂದು ಗೂಗಲ್ 2008ರಲ್ಲಿ ಒಂದು ಲೆಕ್ಕ ಶುರು ಮಾಡಿತ್ತು. 2012–13ರ ಚಳಿಗಾಲದಲ್ಲಿ ಅದು ಇದ್ದದ್ದಕ್ಕಿಂತ ತೀರಾ ಹೆಚ್ಚು ಫ್ಲೂ ತೋರಿಸಿತು. 2015ರಲ್ಲಿ ಲೆಕ್ಕ ಮುಚ್ಚಿತು. ಜ್ವರ ಬಂದವರಷ್ಟೇ ಜ್ವರದ ಬಗ್ಗೆ ಕೇಳುವುದಿಲ್ಲ, ಜ್ವರದ ಸುದ್ದಿ ಓದಿದವರೂ ಕೇಳುತ್ತಾರೆ. ಸಿದ್ದಾಪುರದ ಕಡೆ ಒಂದು ಇಲಿಜ್ವರ ಎಂದು ನಾವು ಅಚ್ಚು ಹಾಕಿದರೆ ಸಾಕು, ಸಂಜೆಯೊಳಗೆ ಎಷ್ಟು ಮೊಬೈಲುಗಳು ಬಿಸಿಯಾಗುತ್ತವೆಯೋ!

ನನಗೆ ಕಾಡುವುದು ಬೇರೊಂದು. ನಮ್ಮ ಕಚೇರಿಯಲ್ಲಿ ಒಂದು ಮಧ್ಯಾಹ್ನ ಮೂವರು ಕುಳಿತು ಎದೆ ಉರಿಯ ಬಗ್ಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹುಡುಕಿದೆವು. ಇಂಗ್ಲಿಷಿಗೆ ದೊಡ್ಡ ಆಸ್ಪತ್ರೆಗಳು, ಔಷಧ ಅಂಗಡಿಗಳು ಸಾಲಾಗಿ ಬಂದವು. ಕನ್ನಡಕ್ಕೆ ಬಂದದ್ದು ಹೆಚ್ಚಾಗಿ ಮನೆಮದ್ದಿನ ವಿಡಿಯೊಗಳು. ಎದೆ ಉರಿಯೋ ಹೃದಯದ ನೋವೋ ಎಂದು ಗುರುತಿಸುವುದು ಹೇಗೆ, ಯಾವಾಗ ಮಡಿಕೇರಿಯ ಆಸ್ಪತ್ರೆಗೆ ಓಡಬೇಕು ಎಂದು ಕನ್ನಡದಲ್ಲಿ ನೇರವಾಗಿ ಹೇಳುವ ಪುಟಕ್ಕೆ ಬಹಳ ಕೆಳಗೆ ಇಳಿಯಬೇಕಾಯಿತು. ಕೊಡವ ತಕ್ಕ್‌ನಲ್ಲಿ ಕೇಳಿ ನೋಡುವ ಧೈರ್ಯ ಮಾಡಲಿಲ್ಲ. ಮಾರುಕಟ್ಟೆಯವರು ನಮ್ಮ ಮಾತಿಗೆ ಹರಾಜು ಕೂಗುತ್ತಿಲ್ಲ ಎಂದು ಸಂತೋಷಪಡಬೇಕೋ, ಉತ್ತರ ಬರೆಯುವವರೂ ಇಲ್ಲವಲ್ಲ ಎಂದು ಕೊರಗಬೇಕೋ!

ನಿಮ್ಮ ಕೊನೆಯ ಪ್ರಶ್ನೆ. ದುಡ್ಡು ಕೊಡಬೇಡಿ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು, ಫೋನ್ ಸಂಖ್ಯೆ, ತೆರೆಯುವ ಹೊತ್ತು ಹಾಕುವುದು ಉಚಿತ. ಸೋದರಳಿಯನೇ ಅರ್ಧ ಗಂಟೆಯಲ್ಲಿ ಮಾಡಿಕೊಡಬಲ್ಲ. ಭಾನುವಾರ ಬಾಗಿಲು ಹಾಕುತ್ತೀರೆಂಬುದನ್ನು ಮರೆಯದೆ ಬರೆಸಿ, ಬಿರುನಾಣಿಯಿಂದ ಮಳೆಯಲ್ಲಿ ಬಂದವರು ಬೀಗ ನೋಡಿ ಹಿಂದಿರುಗಬಾರದು. ಪರದೆ ತೋರಿಸಿ ಶೆಡ್ಯೂಲ್ ಎಚ್ ಮಾತ್ರೆ ಕೇಳುವವರಿಗೆ ಚೀಟಿ ತನ್ನಿ ಎನ್ನುವುದನ್ನು ಮುಂದುವರಿಸಿ. ಬೈಸಿಕೊಳ್ಳುತ್ತೀರಿ, ಗೊತ್ತಿದೆ.

ತಿದ್ದುಪಡಿಯನ್ನು ಇದೇ ಸಂಚಿಕೆಯ ಎರಡನೆಯ ಪುಟದಲ್ಲಿ ಹಾಕಿದ್ದೇವೆ, ದಪ್ಪ ಅಕ್ಷರದಲ್ಲಿ.

– ಸಂಪಾದಕ