ಕಾಳಿನ ಡಬ್ಬಿ ಇಳಿಸಿ, ನೀರಿನ ತಟ್ಟೆ ಇಡಿ

ಮೈಸೂರಿನ ನಿಮ್ಮ ಹಿತ್ತಿಲಿನಲ್ಲಿ ಕಾಳಿನ ಡಬ್ಬಿ ತೂಗುಹಾಕಿ ತಿಂಗಳಾದರೂ ಪಾರಿವಾಳ, ಅಳಿಲು ಬಿಟ್ಟರೆ ಒಂದು ಸಣ್ಣ ಹಕ್ಕಿಯೂ ಬಂದಿಲ್ಲ ಎಂದು ಬರೆದಿದ್ದೀರಿ. ಡಬ್ಬಿ ಬದಲಿಸಲೇ, ಜಾಗ ಬದಲಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ, ಡಬ್ಬಿಯನ್ನೇ ಇಳಿಸಿಬಿಡಿ.

ಅಮೆರಿಕದ ಮಿಷಿಗನ್‌ನಲ್ಲಿರುವ ನಮ್ಮ ಬಳಗದ ಸದಸ್ಯರೊಬ್ಬರು ಇಲ್ಲಿ ಹಾಕಿದ್ದ ಚಿತ್ರ ನೋಡಿ ನಿಮಗೆ ಆಸೆ ಹುಟ್ಟಿತಂತೆ. ಹಿಮದ ನಡುವೆ ಸೂರ್ಯಕಾಂತಿ ಬೀಜ ಕಚ್ಚಿಕೊಂಡು ಕೂತ ಚಿಕಡಿ ಎಂಬ ಅಲ್ಲಿನ ಪುಟ್ಟ ಹಕ್ಕಿ ಯಾರಿಗೆ ಇಷ್ಟವಾಗುವುದಿಲ್ಲ? ಆದರೆ ಅಲ್ಲಿಯ ಲೆಕ್ಕವೇ ಬೇರೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಹೆಚ್ಚುಕಡಿಮೆ 9 ಗಂಟೆ ಮಾತ್ರ. ಸುಮಾರು 12 ಗ್ರಾಂ ತೂಗುವ ಆ ಹಕ್ಕಿ 15 ಗಂಟೆಯ ರಾತ್ರಿಯನ್ನು ಹಗಲು ತಿಂದ ಕೊಬ್ಬಿನಲ್ಲೇ ಕಳೆಯಬೇಕು. ಅದಕ್ಕಾಗಿ ಮೈಯ ಉಷ್ಣತೆಯನ್ನೇ 10 ಡಿಗ್ರಿಯಷ್ಟು ಇಳಿಸಿಕೊಂಡು ಮಲಗುತ್ತದೆ. ಅಂಥ ಕಡೆ ಎಣ್ಣೆಬೀಜ ನಿಜವಾದ ಉಪಕಾರ. ನಮ್ಮಲ್ಲಿ ಡಿಸೆಂಬರಿನ ಹಗಲೂ 11 ಗಂಟೆ ದಾಟುತ್ತದೆ, ಹುಳಹುಪ್ಪಟೆಗೆ ಬರವಿಲ್ಲ. ಚಳಿ ತಾಳಲಾರದ ಊರುಗಳಿಂದ ಹಕ್ಕಿಗಳು ಇಲ್ಲಿಗೆ ಬರುವುದೇ ಆ ಹುಳಗಳಿಗಾಗಿ.

ಬರುವವರು ಯಾರು ನೋಡಿ. ಬೇಲಿಯ ಪೊದೆಯೊಳಗಿನಿಂದ 'ಚಕ್... ಚಕ್' ಎಂದು ಸದ್ದು ಮಾಡುತ್ತಾ ಮುಖ ತೋರಿಸದೆ ಸತಾಯಿಸುವುದು ಬ್ಲೈತನ ಜೊಂಡು ಉಲಿಯಕ್ಕಿ (ಬ್ಲೈತ್ಸ್ ರೀಡ್ ವಾರ್ಬ್ಲರ್). ಫಿನ್ಲೆಂಡಿನಿಂದ ಸೈಬೀರಿಯಾವರೆಗೆ ಅದರ ತವರು. ಮಾವಿನ ಮರದ ಮೇಲ್ಕೊಂಬೆಗಳಲ್ಲಿ ಎಲೆ ಎಲೆ ತಡಕುವುದು ಹಸಿರು ಉಲಿಯಕ್ಕಿ. ತಂತಿಯ ಮೇಲೆ ಕೂತು, ನೊಣಕ್ಕೆ ಹಾರಿ, ಅಲ್ಲಿಗೇ ಮರಳುವುದು ಕಂದು ನೊಣಹಿಡುಕ. ಸಂಜೆ ತರಗೆಲೆಯ ಮೇಲೆ ಕುಪ್ಪಳಿಸುವುದು ನವರಂಗ. ಇವುಗಳಲ್ಲಿ ಒಂದೂ ನಿಮ್ಮ ನವಣೆಯನ್ನು ಮೂಸಿ ಕೂಡ ನೋಡುವುದಿಲ್ಲ. ಕಾಳು ತಿನ್ನುವ ಗುಬ್ಬಚ್ಚಿ, ರಾಟವಾಳ, ಗೀಜಗ ನಿಮ್ಮ ಬಡಾವಣೆಯ ಸುತ್ತ ಇದ್ದರೆ ಬರುತ್ತವೆ ನಿಜ, ಆದರೆ ಪಾರಿವಾಳ ಮೊದಲು ಬರುತ್ತದೆ, ಬಂಧುಬಳಗವನ್ನೆಲ್ಲ ಕರೆತರುತ್ತದೆ. ಪಾರಿವಾಳದ ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂಬುದನ್ನು ಅಡುಗೆಮನೆ ಕಿಟಕಿಯ ಪಕ್ಕ ಡಬ್ಬಿ ಕಟ್ಟಿದವರು ನೆನಪಿಡಬೇಕು. ನೀವು ಕಳಿಸಿದ ಚಿತ್ರದಲ್ಲಿ ಅನ್ನ, ಬಿಸ್ಕತ್ತಿನ ಚೂರೂ ಕಾಣಿಸಿತು. ಉಪ್ಪು ಸಕ್ಕರೆ ಬಿದ್ದ ಯಾವುದನ್ನೂ ಇಡಬೇಡಿ.

ಕಾಳು ತಿನ್ನುವ ಹಕ್ಕಿಗೂ ಹುಳ ತಿನ್ನುವ ಹಕ್ಕಿಗೂ ಒಟ್ಟಿಗೆ ಬೇಕಾದದ್ದು ನೀರು. ಅಗಲವಾದ ಮಣ್ಣಿನ ತಟ್ಟೆ ತನ್ನಿ. ಗಿಡದ ಕುಂಡದ ಕೆಳಗೆ ಇಡುವಂಥದ್ದೇ ಸಾಕು. ಒಳಗೆ ನುಣುಪಾದ ಬಣ್ಣ ಬಳಿದದ್ದು ಬೇಡ, ಕಾಲು ಜಾರುವ ಜಾಗಕ್ಕೆ ಹಕ್ಕಿ ಇಳಿಯುವುದಿಲ್ಲ. ನೀರು ಅಂಚಿನಲ್ಲಿ ಅರ್ಧ ಅಂಗುಲ, ನಡುವೆ ಹೆಚ್ಚೆಂದರೆ ಎರಡು ಅಂಗುಲ. ನಡುವೆ ಒಂದು ಒರಟು ಕಲ್ಲು ಇಡಿ. ಪೊದೆಗೆ ತೀರಾ ಅಂಟಿಸಿ ಇಟ್ಟರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ, ಬಯಲಿನಲ್ಲಿ ಇಟ್ಟರೆ ಸಣ್ಣ ಹಕ್ಕಿಗೆ ಧೈರ್ಯ ಬರುವುದಿಲ್ಲ. ಆರೇಳು ಅಡಿ ದೂರ, ಮೇಲೆ ಒಂದು ಕೊಂಬೆ ಚಾಚಿರಲಿ. ಒದ್ದೆ ರೆಕ್ಕೆಯಲ್ಲಿ ಹಾರಾಟ ಭಾರ, ಆ ಕೊಂಬೆಗಾದರೂ ಏರಿ ಗರಿ ತೀಡಿಕೊಳ್ಳಲಿ. ಹಳೆಯ ಬಾಟಲಿಗೆ ಸೂಜಿ ಚುಚ್ಚಿ ಮೇಲಿಂದ ತೂಗುಹಾಕಿ ಹನಿ ಹನಿ ಬೀಳಿಸಿದರೆ ಇನ್ನೂ ಒಳ್ಳೆಯದು. ತೊಟ್ಟಿಕ್ಕುವ ಸದ್ದಿಗೆ ಉಲಿಯಕ್ಕಿಗಳು ಪೊದೆಯಿಂದ ಹೊರಬರುತ್ತವೆ.

ಸೊಳ್ಳೆಯ ಪ್ರಶ್ನೆಯನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಎತ್ತಬೇಕು ಕೂಡ. ನೀರನ್ನು ಚೆಲ್ಲಿ ಹೊಸದು ತುಂಬಿಸಿದರೆ ಸಾಲದು: ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟದ ಮೇಲಿನ ಗೋಡೆಗೆ ಅಂಟಿಸುತ್ತದೆ, ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತದೆ. ತೆಂಗಿನ ನಾರಿನಲ್ಲಿ ದಿನವೂ ಅಂಚನ್ನು ಉಜ್ಜಿ ತೊಳೆಯಿರಿ, ಸೋಪು ಬೇಡ. ಹಿಕ್ಕೆಯ ಕೊಳೆಯೂ ಹೋಗುತ್ತದೆ, ರೋಗ ಹರಡುವುದೂ ತಪ್ಪುತ್ತದೆ. ಊರಿಗೆ ಹೋಗುವುದಿದ್ದರೆ ತಟ್ಟೆಯನ್ನು ಬೋರಲು ಹಾಕಿ ಹೋಗಿ.

ಇಟ್ಟ ಮರುದಿನವೇ ಜಾತ್ರೆ ನೆರೆಯುವುದಿಲ್ಲ. ಮೊದಲು ಪಿಕಳಾರ, ಹರಟೆಮಲ್ಲಗಳ ಗುಂಪು ಗಲಾಟೆ ಮಾಡಿಕೊಂಡು ಬರುತ್ತವೆ. ಅವುಗಳ ಗದ್ದಲ ಕೇಳಿ ಉಳಿದವಕ್ಕೂ ನಂಬಿಕೆ ಹುಟ್ಟುತ್ತದೆ. ನೋಡಲು ಒಳ್ಳೆಯ ಹೊತ್ತು ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಮಲೆನಾಡಿನ ನಮ್ಮ ಸಾಗರ ಊರಿನ ಕಡೆಯ ಅಡಿಕೆ ತೋಟದ ಅಂಚಿನಲ್ಲಿ ಇಟ್ಟ ತಟ್ಟೆಗೆ ರಾಜಹಕ್ಕಿ ಬರುವುದು ಬೆಳಕು ಆರುವ ಹೊತ್ತಿಗೇ. ಅದು ಉಳಿದವುಗಳ ಹಾಗೆ ನೀರಿನಲ್ಲಿ ಇಳಿದು ನಿಲ್ಲುವುದಿಲ್ಲ. ಕೊಂಬೆಯಿಂದ ನೇರ ನೀರಿಗೆ ಬಿದ್ದು, ಎದೆ ತಾಗಿದ್ದೇ ತಡ, ಮೇಲೇರುತ್ತದೆ. ಮೈ ಕೊಡವಿ ಮತ್ತೆ ಬೀಳುತ್ತದೆ. ಗಂಡಿನ ಉದ್ದ ಬಾಲ ಪ್ರತಿಸಲ ಒಂದು ಗಳಿಗೆ ತಡವಾಗಿ ಹಿಂಬಾಲಿಸುತ್ತದೆ. ಅದೇ ತೋಟದ ನೆಲದಲ್ಲಿ ಕಾಡು ಸಿಪಿಲೆ ಓಡಾಡುತ್ತದೆ. ಬೇರೆ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಅಕ್ಕಪಕ್ಕಕ್ಕೆ ತೂಗುತ್ತದೆ, ಗುರುತಿಸಲು ಅಷ್ಟು ಸಾಕು.

ನೀರಿನಷ್ಟೇ ಮುಖ್ಯವಾದದ್ದು ತರಗೆಲೆ. ಮೈಸೂರಿನವರಿಗೆ ಅಂಗಳ ಕನ್ನಡಿಯ ಹಾಗೆ ಇರಬೇಕು, ಬೆಳಗಾದರೆ ಎಲೆ ಗುಡಿಸಿ ಬೆಂಕಿ. ಮಲೆನಾಡಿನಲ್ಲಿ ನಾವೂ ಕೊಟ್ಟಿಗೆಗೆಂದು ದರಗು, ಅಂದರೆ ಒಣ ಎಲೆ, ಒಟ್ಟುತ್ತೇವೆ, ಆದರೆ ಎಲ್ಲವನ್ನೂ ಬಳಿದು ತರುವುದಿಲ್ಲ. ಕಾಂಪೌಂಡಿನ ಒಂದು ಮೂಲೆಯನ್ನು ಮಾರ್ಚ್‌ವರೆಗೆ ಹಾಗೇ ಬಿಡಿ. ನವರಂಗವಾಗಲಿ, ಕೇಸರಿ ತಲೆಯ ನೆಲಸಿಳ್ಳಾರವಾಗಲಿ ಎಲೆ ಮಗುಚಿ ಹುಳ ಹೆಕ್ಕುವುದು ಅಂಥ ಕಡೆಯೇ.

ಹಣ್ಣು ಇಡುವ ಆಸೆಯಿದ್ದರೆ ಮರದಲ್ಲೇ ಒಂದು ಪಪ್ಪಾಯಿ ಬಿಡಿ. ಕುಟ್ರುಹಕ್ಕಿ ಕೊರೆಯುತ್ತದೆ, ಬೆಳ್ಗಣ್ಣಗಳು ಆ ತೂತಿಗೆ ತಲೆ ಹಾಕುತ್ತವೆ. ಜಾಗವಿದ್ದರೆ ಗಸಗಸೆ ಹಣ್ಣಿನ ಗಿಡ ನೆಡಿ, ಬೇಗ ಬೆಳೆಯುತ್ತದೆ. ಹಳೆಯ ಮಾವಿನ ಮರದಲ್ಲಿ ಬದನಿಕೆ ಹತ್ತಿದ್ದರೆ ಒಂದೆರಡು ಗೊಂಚಲು ಉಳಿಸಿ, ಸೂರಕ್ಕಿಗೆ ಅದರ ಹೂವು ಬೇಕು. ಮರವನ್ನೇ ನುಂಗುವಷ್ಟಿದ್ದರೆ ಕಡಿಯಿರಿ, ಅದರಲ್ಲಿ ಪಾಪವಿಲ್ಲ.

ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಿಲ ಹಕ್ಕಿಗಳ ಜಾಗತಿಕ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ಕೂತು ಕಂಡದ್ದನ್ನು ಇ-ಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಿದರಾಯಿತು. ಆ ಹೊತ್ತಿಗೆ ನಿಮ್ಮ ತಟ್ಟೆಗೆ ಖಾಯಂ ಗಿರಾಕಿಗಳು ಸಿಕ್ಕಿರುತ್ತಾರೆ.

ಕಾರಿನ ಕನ್ನಡಿಗೆ ಕುಕ್ಕುವ ಕಪ್ಪು ಬಿಳಿ ಹಕ್ಕಿಯ ಬಗ್ಗೆಯೂ ಕೇಳಿದ್ದಿರಿ. ಚಿತ್ರದಲ್ಲಿರುವುದು ಗಂಡು ಮಡಿವಾಳ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದು ಪ್ರತಿಬಿಂಬದೊಂದಿಗೆ ಜಗಳವಾಡುತ್ತಿದೆ. ಓಡಿಸಿದರೆ ಮತ್ತೆ ಬರುತ್ತದೆ. ಕಾರು ನಿಲ್ಲಿಸಿದಾಗ ಎರಡೂ ಕನ್ನಡಿಗೆ ಬಟ್ಟೆಯ ಚೀಲ ಕಟ್ಟಿ.