ಕಂಪ್ಯೂಟರ್ ಕೈಕೊಟ್ಟಾಗ ಜೋಕ್ ಮಾಡಿದರೆ ನಿಜವಾಗಲೂ ಸಮಾಧಾನ ಆಗುತ್ತಾ?

ನೀವು ಚಿತ್ರ ಬಿಡಿಸುವವರು. ಕೆಲಸದ ನಡುವೆ ಸಾಫ್ಟ್‌ವೇರ್ ಇದ್ದಕ್ಕಿದ್ದಂತೆ ಮುಚ್ಚಿಕೊಂಡಾಗ ಪಕ್ಕದವರು ಜೋಕ್ ಹೊಡೆಯುತ್ತಾರೆ, ಆದರೆ ನಿಮಗೆ ಮೈ ಉರಿಯುತ್ತದೆ. ಈ ನಗುವಿನಿಂದ ಏನಾದರೂ ಪ್ರಯೋಜನ ಇದೆಯಾ, ಇಲ್ಲಾ ನನಗೇ ಹಾಸ್ಯಪ್ರಜ್ಞೆ ಕಡಿಮೆಯಾ ಅಂತ ಕೇಳಿದ್ದೀರಿ.

ಪ್ರಯೋಜನ ಖಂಡಿತ ಇದೆ. ನಾನು ಅನಿಮೇಷನ್ ಕೆಲಸದವಳು, ನಮ್ಮ ತಂಡದಲ್ಲಿ ಈ ನಗು ಇಲ್ಲದಿದ್ದರೆ ಎಷ್ಟೋ ಜನ ಕೆಲಸ ಬಿಟ್ಟು ಹೋಗುತ್ತಿದ್ದರು. ಆದರೆ ನಿಮ್ಮ ಹಾಸ್ಯಪ್ರಜ್ಞೆಗೆ ಏನೂ ಆಗಿಲ್ಲ. ನಿಮ್ಮ ಪಕ್ಕದವರು ಸ್ವಲ್ಪ ಬೇಗ ಬಾಯಿ ಬಿಟ್ಟಿದ್ದಾರೆ, ಅಷ್ಟೇ.

ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರನ್ ಎಂಬ ಸಂಶೋಧಕರು ನಗು ಯಾಕೆ ಬರುತ್ತದೆ ಎಂಬುದಕ್ಕೆ 2010ರಲ್ಲಿ ಒಂದು ವಿವರಣೆ ಕೊಟ್ಟರು. ಏನೋ ಎಡವಟ್ಟಾಗಿದೆ ಅನಿಸಬೇಕು, ಅದೇ ಹೊತ್ತಿಗೆ ಅದರಿಂದ ಅಪಾಯ ಇಲ್ಲ ಅಂತಲೂ ಅನಿಸಬೇಕು. ಎರಡೂ ಒಟ್ಟಿಗೆ ಅನಿಸಿದಾಗ ನಗು ಬರುತ್ತದೆ. 2012ರಲ್ಲಿ ಅವರು ಇನ್ನಿಬ್ಬರ ಜೊತೆ ಸೇರಿ ಇದನ್ನು ಮುಂದುವರಿಸಿದರು. ಸಣ್ಣ ಎಡವಟ್ಟು ಬಿಸಿಬಿಸಿ ಇರುವಾಗಲೇ ಹೆಚ್ಚು ನಗಿಸುತ್ತದೆ, ದೊಡ್ಡ ನೋವು ದೂರ ಸರಿದ ಮೇಲೆ ಮಾತ್ರ. ಪೆನ್ ಟ್ಯಾಬ್ಲೆಟ್ಟಿನ ಗೆರೆ ಎಲ್ಲೋ ಹಾರಿ ಪಾತ್ರಕ್ಕೆ ಮೀಸೆ ಬಂದರೆ ಆಗಲೇ ನಗಬಹುದು. ಬೆಳಗಿನಿಂದ ಕೂತು ಬಣ್ಣ ತುಂಬಿದ ಚಿತ್ರ ಹೋದರೆ ಆಗುವುದಿಲ್ಲ. ಕೈ ಒಂದು ಲಯಕ್ಕೆ ಬಿದ್ದಾಗ ಮೂಡಿದ ಗೆರೆ ಅದು. ಮತ್ತೆ ಬಿಡಿಸಬಹುದು, ಆದರೆ ಅದೇ ಗೆರೆ ಬರಲ್ಲ. ಅದಕ್ಕೆ ಸಿಟ್ಟು ಬರುವುದು ನ್ಯಾಯ ಅಲ್ವಾ?

ಅದಕ್ಕೇ ನಮ್ಮಲ್ಲಿ ಮೊದಲು ಫೈಲ್, ಆಮೇಲೆ ಜೋಕ್. ಯಾರದಾದರೂ ಪರದೆ ಮುಚ್ಚಿಕೊಂಡರೆ ಪಕ್ಕದವರು ಮೊದಲು ಕೇಳುವುದು ‘ಆಟೋಸೇವ್ ನೋಡಿದ್ಯಾ?’ ಅಂತ. ನಾವು ಅನಿಮೇಷನ್‌ಗೆ ಬಳಸುವ ಬ್ಲೆಂಡರ್ ಸಾಫ್ಟ್‌ವೇರ್ ನಾವೇನೂ ಬದಲಿಸದಿದ್ದರೆ 2 ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ಇಟ್ಟುಕೊಂಡಿರುತ್ತದೆ. ಅದು ಸಿಕ್ಕಿದರೆ ಮುಟ್ಟುವ ಮೊದಲೇ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಫೈಲ್ ಕೈಗೆ ಬಂದ ಮೇಲೆ ನಗು ತಾನಾಗಿಯೇ ಬರುತ್ತದೆ, ಯಾರೂ ಬಲವಂತ ಮಾಡಬೇಕಾಗಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ನಮ್ಮ ರೆಂಡರ್ ಕಂಪ್ಯೂಟರಿನ, ಅಂದರೆ ದೃಶ್ಯಗಳನ್ನು ಅಂತಿಮ ಚಿತ್ರಗಳಾಗಿ ಮಾಡಿಕೊಡುವ ಯಂತ್ರದ, ಹೆಸರು ಕುಂಭಕರ್ಣ. ಅದರ ಪಕ್ಕ ಒಂದು ನೋಟ್‌ಬುಕ್ ಇದೆ. ಕುಂಭಕರ್ಣ ಕ್ರ್ಯಾಶ್ ಆದಾಗಲೆಲ್ಲ ಆ ಹೊತ್ತಿಗೆ ಅಲ್ಲಿದ್ದವರು ಅದರ ಪರವಾಗಿ ರಜಾ ಅರ್ಜಿ ಬರೆಯಬೇಕು, ನಾವು ಶಾಲೆಯಲ್ಲಿ ಬರೆಯುತ್ತಿದ್ದೆವಲ್ಲ, ಅದೇ ಧಾಟಿಯಲ್ಲಿ. ‘ಮಾನ್ಯರೇ, ನಿನ್ನೆ ರಾತ್ರಿ ಇಡೀ ಕಾಡನ್ನು ಒಂದೇ ತುತ್ತಿಗೆ ನುಂಗಿದ್ದರಿಂದ ಹೊಟ್ಟೆ ಕೆಟ್ಟಿದೆ. ಆದ್ದರಿಂದ ಈ ದಿನ ರಜೆ ದಯಪಾಲಿಸಬೇಕಾಗಿ ವಿನಂತಿ. ಇತಿ ತಮ್ಮ ವಿಧೇಯ, ಕುಂಭಕರ್ಣ.’ ಕೆಳಗೆ ದಿನಾಂಕ, ಫೈಲಿನ ಹೆಸರು, ಆಗ ಏನೇನು ತೆರೆದಿತ್ತು ಎಂಬುದು. ಇಷ್ಟು ಇಲ್ಲದಿದ್ದರೆ ಅರ್ಜಿ ತಿರಸ್ಕೃತ!

ಬರೆಯುವಾಗ ಸಿಟ್ಟು ಅರ್ಧ ಇಳಿಯುತ್ತದೆ. ಮುಂದೆ ಆಗಿದ್ದು ಇನ್ನೂ ಒಳ್ಳೆಯದು. ಒಮ್ಮೆ ಬಿಡುವಿನಲ್ಲಿ ಅರ್ಜಿಗಳನ್ನೆಲ್ಲ ಸಾಲಾಗಿ ಓದಿ ನಗುತ್ತಿದ್ದಾಗ ಒಬ್ಬಳು ಗಮನಿಸಿದಳು: ಹೊಟ್ಟೆ ಕೆಟ್ಟ ಅರ್ಜಿಗಳೆಲ್ಲ ಮರಗಿಡ ಜಾಸ್ತಿ ಇರುವ ದೃಶ್ಯಗಳವೇ. ಎಲೆ, ತೊಗಟೆಗಳ ಮೇಲ್ಮೈಗೆ ಹೊದಿಸುವ ಟೆಕ್ಸ್ಚರ್ ಚಿತ್ರಗಳು ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು ತುಂಬಿಬಿಡುತ್ತಿದ್ದವು. ದೂರದ ಮರಗಳಿಗೆ 4096 ಪಿಕ್ಸೆಲ್‌ನ ಚಿತ್ರ ತೆಗೆದು 2048ರದ್ದು ಹಾಕಿದೆವು. ಉದ್ದ, ಅಗಲ ಎರಡೂ ಅರ್ಧ ಆದರೆ ಮೆಮೊರಿ ಕಾಲು ಭಾಗ ಸಾಕು. ಆಮೇಲೆ ಆ ಕಾಯಿಲೆಯ ಅರ್ಜಿ ಬಂದಿಲ್ಲ. ಸುಮ್ನೆ ಬೈದುಕೊಂಡು ರೀಸ್ಟಾರ್ಟ್ ಮಾಡಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು?

ಇದೇನೂ ಹೊಸ ಪದ್ಧತಿ ಅಲ್ಲ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ ಒಂದು ರಿಲೇಯಲ್ಲಿ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ, ಪತಂಗ ಸಿಕ್ಕಿಕೊಂಡಿತ್ತು. ಎಂಜಿನಿಯರುಗಳು ದೋಷವನ್ನು ‘ಬಗ್’, ಅಂದರೆ ಹುಳ, ಎನ್ನುವುದು ಆಗಲೇ ಹಳೆಯ ರೂಢಿ. ಹಾಗಾಗಿ ಅಲ್ಲಿದ್ದವರು ಆ ಹುಳವನ್ನೇ ಟೇಪಿನಿಂದ ದಾಖಲೆ ಪುಸ್ತಕಕ್ಕೆ ಅಂಟಿಸಿ, ನಿಜವಾದ ಹುಳ ಸಿಕ್ಕಿದ ಮೊದಲ ಪ್ರಕರಣ ಇದು ಅಂತ ಬರೆದರು. ಪಕ್ಕದಲ್ಲೇ 15.45 ಎಂಬ ಸಮಯ, 70ನೇ ರಿಲೇ, ಎಫ್ ಪ್ಯಾನೆಲ್ ಎಂಬ ವಿವರವೂ ಇದೆ. ತಮಾಷೆಯೂ ಇದೆ, ಮುಂದೆ ರಿಪೇರಿಗೆ ಬರುವವರಿಗೆ ಬೇಕಾದದ್ದೂ ಇದೆ. ಇಂಥ ಜೋಕ್ ನನಗೆ ಬಹಳ ಇಷ್ಟ.

ಯಂತ್ರವೇ ಜೋಕ್ ಮಾಡಿದರೆ ಮಾತ್ರ ಬೇರೆ ಕಥೆ. 1984ರ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿ ದೊಡ್ಡ ದೋಷ ಬಂದರೆ ಪರದೆ ಮೇಲೆ ಬತ್ತಿ ಹೊತ್ತಿದ ಬಾಂಬ್ ಚಿತ್ರ ಬರುತ್ತಿತ್ತು. ಬಿಡಿಸಿದವರು ಸೂಸನ್ ಕೇರ್. ಸಾಮಾನ್ಯ ಬಳಕೆದಾರರು ಅದನ್ನು ನೋಡುವುದೇ ಇಲ್ಲ ಅಂತ ಅವರಿಗೆ ಹೇಳಲಾಗಿತ್ತಂತೆ. ಆದರೆ ಜನ ನೋಡಿದರು. ಚಿತ್ರ ಮುದ್ದಾಗಿಯೇ ಇದೆ, ಆದರೆ ಕೆಲಸ ಕಳೆದುಕೊಂಡವರ ಮುಂದೆ ಅದು ಕುಳಿತುಕೊಂಡರೆ ಅಣಕಿಸಿದ ಹಾಗೆ. ಕಳೆದುಕೊಂಡವರೇ ಮೊದಲು ನಗಬೇಕು. ಆಮೇಲೆ ಉಳಿದವರು ಸೇರಿಕೊಳ್ಳಲಿ.

ಇನ್ನೊಂದು ಮಾತು. ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆ ಮಾಡಿದರು: ಜನರನ್ನು ಹತ್ತಿರ ತರುವುದು, ಕಷ್ಟದಲ್ಲಿ ನಮಗೆ ನಾವೇ ಧೈರ್ಯ ಹೇಳಿಕೊಳ್ಳುವುದು, ಬೇರೆಯವರನ್ನು ಚುಚ್ಚುವುದು, ನಮ್ಮನ್ನೇ ಕೀಳು ಮಾಡಿಕೊಳ್ಳುವುದು. ಮೊದಲೆರಡನ್ನು ಧಾರಾಳವಾಗಿ ಬಳಸಿ. ಹೊಸದಾಗಿ ಸೇರಿದವರು ಸೇವ್ ಮಾಡಲು ಮರೆತು ಕೂತಿದ್ದಾಗ ಮೂರನೆಯದನ್ನು ನಾನು ಯಾರಿಗೂ ಆಡಲು ಬಿಡುವುದಿಲ್ಲ. ಯಂತ್ರಕ್ಕೆ ಎಷ್ಟು ಬೇಕಾದರೂ ಅನ್ನಿ, ಅದಕ್ಕೆ ನೋವಾಗಲ್ಲ.

ನಿಮ್ಮ ಪಕ್ಕದವರಿಗೆ ನೇರವಾಗಿ ಹೇಳಿಬಿಡಿ: ‘ಒಂದು ಹತ್ತು ನಿಮಿಷ ಬಿಡಪ್ಪಾ, ಫೈಲ್ ಹುಡುಕ್ತಿದ್ದೀನಿ.’ ಒಳ್ಳೆಯ ಗೆಳೆಯರಾದರೆ ಕುರ್ಚಿ ಎಳೆದುಕೊಂಡು ಬಂದು ತಾವೂ ಹುಡುಕುತ್ತಾರೆ.